ಅತ್ತೆಯನ್ನು ನೋಡಿಕೊಳ್ಳುವವರಿಗೆ ಕೊಡುವ ಪ್ರಶ್ನೆ ಹಾಳೆ: ತುಂಬಿಸಿದವರು ಹೇಳಿ

ಕೇಳಿದವರು, ಶಿವಮೊಗ್ಗ:
ಅತ್ತೆಗೆ ಮರೆವಿನ ಕಾಯಿಲೆ. ಮೂರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಈ ಸಲ ಡಾಕ್ಟರು ನನ್ನ ಬಗ್ಗೆಯೇ 22 ಪ್ರಶ್ನೆ ಇರುವ ಹಾಳೆ ಕೊಟ್ಟರು. ‘ಜರಿಟ್’ ಅಂತ ಬರೆದಿದೆ. ನಿಜ ಬರೆದರೆ ಸೊಸೆ ದೂರು ಹೇಳಿದ ಹಾಗಾಗುತ್ತೆ ಅಂತ ಸಂಕೋಚ. ಹೇಗೆ ತುಂಬಿಸಿದಿರಿ?

ಮೈಸೂರಿನಿಂದ:
ಅಮ್ಮನನ್ನು ನೋಡಿಕೊಳ್ಳುವಾಗ ನಾನೂ ಅದನ್ನೇ ತುಂಬಿಸಿದ್ದೆ. ನೋಡಿಕೊಳ್ಳುವವರ ಮೇಲೆ ಎಷ್ಟು ಹೊರೆ ಬಿದ್ದಿದೆ ಅಂತ ಅಳೆಯುವ ಹಾಳೆ ಅದು. ಒಂದೊಂದು ಪ್ರಶ್ನೆಗೂ 0ಯಿಂದ 4 ಅಂಕ, ಎಲ್ಲ ಸೇರಿ 88. ಮೊದಲ ಸಲ ಅಣ್ಣ ಪಕ್ಕದಲ್ಲೇ ಕೂತಿದ್ದ. ಎಲ್ಲದಕ್ಕೂ 1 ಹಾಕಿದೆ, 22 ಬಂತು. ಡಾಕ್ಟರಮ್ಮ ಹಾಳೆ ನೋಡಿ, “ಒಬ್ಬರೇ ಕೂತು ಇನ್ನೊಂದು ಸಲ ಬರೀರಿ” ಅಂದರು. ರಾತ್ರಿ ಅಮ್ಮ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಬರೆದೆ. ಕಾಯಿಲೆಯವರ ಹತ್ತಿರ ಇದ್ದಾಗ ಸಿಟ್ಟು ಬರುತ್ತಾ ಅನ್ನುವ ಪ್ರಶ್ನೆಗೆ 4 ಹಾಕಿ ಅತ್ತುಬಿಟ್ಟೆ. ಒಟ್ಟು 51. ಸಾಮಾನ್ಯವಾಗಿ 41ರಿಂದ 60 ಅಂದರೆ ಹೊರೆ ಸಾಕಷ್ಟು ಜಾಸ್ತಿ ಅಂತ ಲೆಕ್ಕ.

ಆದರೆ ಡಾಕ್ಟರಮ್ಮ ಒಟ್ಟು ಅಂಕವನ್ನು ಹಿಡಿದು ಕೂರಲಿಲ್ಲ. 4 ಬಿದ್ದ ಕಡೆ ಬೆರಳಿಟ್ಟು ಕೇಳಿದರು. ‘ನನ್ನ ಆರೋಗ್ಯ ಕೆಟ್ಟಿದೆ’ ಅನ್ನುವಲ್ಲಿ ನಿಂತು, ರಾತ್ರಿ ಎಷ್ಟು ಸಲ ಏಳ್ತೀರಿ ಅಂದರು. ನಾಲ್ಕೈದು ಸಲ ಅಂದೆ. ಅಣ್ಣನನ್ನು ಒಳಗೆ ಕರೆಸಿದರು. ಆಮೇಲೆ ಶುಕ್ರವಾರ, ಶನಿವಾರದ ರಾತ್ರಿ ಅವನ ಪಾಲಿಗೆ ಬಂತು. ಇದು ದೂರಲ್ಲ ರೀ. ಧೈರ್ಯವಾಗಿ ಬರೀರಿ.

ಧಾರವಾಡದಿಂದ:
ನಮ್ಮ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ. ನಮಗೆ ಪೈ ಮತ್ತು ಕಪೂರ್ ಅನ್ನುವ ಸಂಶೋಧಕರು ಮನೆಯವರ ಹೊರೆ ಬಗ್ಗೆ 1981ರಲ್ಲಿ ಪ್ರಕಟಿಸಿದ ಪ್ರಶ್ನೆಗಳನ್ನು ಕೇಳಿದ್ದರು. ನಮ್ಮ ದೇಶದ ಮನೆಗಳಿಗೆಂದೇ ಮಾಡಿದ್ದು. ಸಾಲ ಮಾಡಿದಿರಾ, ದುಡ್ಡಿನ ಮುಗ್ಗಟ್ಟಿಗೆ ಮದುವೆಯೋ ಪ್ರಯಾಣವೋ ಮುಂದಕ್ಕೆ ಹೋಯಿತಾ, ಹೀಗೆ. ನಮ್ಮ ತಂಗಿಯ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಅವ್ವ ಅವತ್ತು ತಾಸುಗಟ್ಟಲೆ ಮಾತಾಡಿದಳು.

ಮಂಗಳೂರಿನಿಂದ:
ನಾನು ಮನೆಮನೆಗೆ ಹೋಗುವ ನರ್ಸ್. ಎಷ್ಟು ಭಾರ ಅಂತ ಕೇಳುವುದು ಬೇರೆ, ಏನು ಬೇಕು ಅಂತ ಕೇಳುವುದು ಬೇರೆ, ಅಲ್ವಾ? ಜರಿಟ್ ಹಾಳೆ ಮೊದಲನೆಯದನ್ನು ಕೇಳುತ್ತೆ. ಎರಡನೆಯದನ್ನು ನೀವೇ ಹಾಳೆಯ ಹಿಂದೆ ಬರೆದುಕೊಂಡು ಹೋಗಿ. ಸ್ನಾನ ಮಾಡಿಸಲು ಒಬ್ಬರು ಬೇಕಾ, ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಬೇಕಾ, ಕಾಯಿಲೆ ಮುಂದೆ ಹೇಗೆ ಹೋಗುತ್ತೆ ಅಂತ ತಿಳಿಯಬೇಕಾ. ‘ಸಹಾಯ ಬೇಕು’ ಅಂತ ಸುಮ್ನೆ ಬರೆಯಬೇಡಿ. ಯಾವ ದಿನ, ಎಷ್ಟು ಹೊತ್ತು ಅಂತ ಬರೆಯಿರಿ. ತೀರಾ ಕಷ್ಟವಾದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.