ಟರ್ಕಿ ಕೋಳಿ ರೋಸ್ಟ್‌ಗೆ ಮನೇಲೇ ಮಸಾಲೆ ಪುಡಿ ಮಾಡ್ಕೊಳ್ಳೋದು ಹೆಂಗೆ?

ಬಂಗಾರಪೇಟೆ_ಬಾಡೂಟ
ಎಲ್ರಿಗೂ ನಮಸ್ಕಾರ. ನಮ್ ಭಾವ ತೋಟದಲ್ಲಿ ನಾಲ್ಕು ಟರ್ಕಿ ಕೋಳಿ ಸಾಕಿದಾರೆ, ಕ್ರಿಸ್‌ಮಸ್ ರಜಕ್ಕೆ ಒಂದು ನಮಗೆ ಅಂದಿದಾರೆ, ಕ್ಲೀನ್ ಮಾಡಿದ್ಮೇಲೆ 4 ಕೆಜಿ ಬರಬಹುದು. ಹೋದ್ ವರ್ಷಾನೂ ಒಂದು ಕೊಟ್ಟಿದ್ರು. ಯಾವ್ದೋ ವಿಡಿಯೋ ನೋಡ್ಕೊಂಡು ಶುಂಠಿ ಬೆಳ್ಳುಳ್ಳಿ ಪೇಸ್ಟು, ಖಾರದ ಪುಡಿ, ಬೆಲ್ಲ, ನಿಂಬೆಹಣ್ಣು ಎಲ್ಲಾ ಕಲಸಿ ಬಳಿದು ಓವನ್‌ಗೆ ಇಟ್ಟೆ, ಒಂದು ಗಂಟೆಗೆಲ್ಲ ಮೇಲ್ಗಡೆ ಇದ್ದಿಲು, ಒಳಗಡೆ ಎದೆ ಮಾಂಸ ಸಪ್ಪೆ ಅಂದ್ರೆ ಸಪ್ಪೆ. ನಮ್ಮಾವ ಒಂದು ತುಂಡು ಬಾಯಿಗಿಟ್ಟು "ಉಪ್ಪಿನಕಾಯಿ ಐತೇನಮ್ಮಾ" ಅಂತ ನನ್ ಹೆಂಡ್ತಿನ ಕೇಳಿದ್ರು. ಈ ಸಲ ಮಾನ ಉಳಿಸ್ಕೋಬೇಕು. ಅಂಗಡಿ ಡಬ್ಬಿದು ಬೇಡ. ಥೈಮ್, ಸೇಜ್ ಅಂತ ವಿದೇಶಿ ಸೊಪ್ಪು ಹೇಳ್ತಾರಲ್ಲ, ಅವೆಲ್ಲ ನಮ್ ಸಂತೇಲಿ ಎಲ್ ಸಿಗುತ್ತೆ?

ರಾಬರ್ಟ್‌ಸನ್‌ಪೇಟೆ_ಹಳಬ
ತಮ್ಮ, ನಿನ್ ತಪ್ಪು ಮಸಾಲೇಲಿಲ್ಲ, ಉಪ್ಪು ಮಸಾಲೆ ಎರಡೂ ಒಟ್ಟಿಗೆ ಹಾಕಿದ್ದೇ ತಪ್ಪು. 2001ರಲ್ಲಿ ನಮ್ ಕೆಜಿಎಫ್ ಚಿನ್ನದ ಗಣಿ ಮುಚ್ಚೋಕ್ ಮುಂಚೆ ನಮ್ ಪಕ್ಕದ್ಮನೇಲಿ ಆಂಗ್ಲೋ ಇಂಡಿಯನ್ ಆಂಟಿ ಇದ್ರು, ಕ್ರಿಸ್‌ಮಸ್‌ಗೆ ಬಾತುಕೋಳಿನೋ ಊರುಕೋಳಿನೋ ರೋಸ್ಟ್ ಮಾಡೋರು, ಹಿಂದಿನ್ ದಿನಾನೇ ಬರೀ ಉಪ್ಪು ತಿಕ್ಕಿಡೋರು. ಅದನ್ನೇ ನಾನೂ ಮಾಡೋದು. ಕೆಜಿಗೆ 10ರಿಂದ 12 ಗ್ರಾಂ, ನಿಂದಕ್ಕೆ 45 ಗ್ರಾಂ ಸಾಕು, ತಕ್ಕಡೀಲಿ ತೂಗು, ಯಾಕಂದ್ರೆ ಕಲ್ಲುಪ್ಪಿನ ಒಂದು ಚಮಚ ಬೇರೆ ಪುಡಿ ಉಪ್ಪಿನ ಒಂದು ಚಮಚ ಬೇರೆ. ಎದೆ ಮೇಲಿನ ಚರ್ಮದೊಳಕ್ಕೆ ಬೆರಳು ತೂರಿಸಿ, ಹರೀದಂಗೆ ಮೆತ್ತಗೆ ಬಿಡಿಸಿ, ಅರ್ಧ ಉಪ್ಪು ಅಲ್ಲೇ ಮಾಂಸಕ್ಕೆ ಸವರು. ಮುಚ್ಚದೆ ಒಂದು ರಾತ್ರಿ ಫ್ರಿಜ್‌ನಲ್ಲಿಡು. ಮೊದ್ಲು ನೀರು ಬಿಡುತ್ತೆ, ಆಮೇಲೆ ಆ ಉಪ್ಪುನೀರನ್ನೇ ಮಾಂಸ ವಾಪಸ್ ಎಳ್ಕೊಳುತ್ತೆ, ಚರ್ಮ ಒಣಗಿರೋದ್ರಿಂದ ಗರಿಗರಿ ಆಗುತ್ತೆ. ಫ್ರಿಜ್‌ನಲ್ಲಿ ಕೆಳಗಿನ ತಟ್ಟೇಲೇ ಇಡು ಮತ್ತೆ, ರಸ ಸೊಪ್ಪಿನ ಮೇಲೆ ತೊಟ್ಟಿಕ್ಕಬಾರ್ದು. ಬೆಲ್ಲ ಬಿಟ್ಬಿಡು, ಇದ್ದಿಲಾಗಿದ್ದು ಅದೂ ಹಸಿ ಪೇಸ್ಟೂ ಸೇರೇ.

ಚಿಂತಾಮಣಿ_ಅಡುಗೆ
ಥೈಮ್‌ಗೆ ಯಾಕ್ ಒದ್ದಾಡ್ತೀರಾ ಅಣ್ಣ, ಓಂಕಾಳು ಇಲ್ವಾ? ಎರಡರಲ್ಲೂ ಇರೋದು ಥೈಮಾಲ್ ಅನ್ನೋ ಒಂದೇ ಎಣ್ಣೆ ಅಂಶ, ಆದ್ರೆ ಇದು ಜೋರು, ಕಾಲು ಟೀಸ್ಪೂನ್ ದಾಟಿದ್ರೆ ಮಗೂಗೆ ಕೊಡೋ ಕಷಾಯದ ವಾಸ್ನೆ ಬರುತ್ತೆ. ನನ್ ಪುಡಿ ಹೇಳ್ತೀನಿ. ಧನಿಯ 2 ಟೀಸ್ಪೂನ್, ಕರಿಮೆಣಸು 2, ಜೀರಿಗೆ 1, ಚಕ್ಕೆ ಅರ್ಧ ಬೆರಳುದ್ದ, ಲವಂಗ ಎರಡೇ ಎರಡು. ಬಾಣಲೇಲಿ ಎಣ್ಣೆ ಇಲ್ದೆ ಸಣ್ಣ ಉರೀಲಿ ಹುರೀರಿ, ಧನಿಯ ಬಣ್ಣ ತಿರುಗೋ ಹೊತ್ತಿಗೆ ಓಂಕಾಳು ಹಾಕಿ ಇಳಿಸ್ಬಿಡಿ. ಪೂರ್ತಿ ಆರಿದ್ಮೇಲೆ ಮಿಕ್ಸಿಗೆ, ಬಿಸಿಯಿದ್ದಾಗ ಹಾಕಿದ್ರೆ ಬೆವತು ಮುದ್ದೆ ಆಗುತ್ತೆ. ಕೊನೇಲಿ 3 ಟೀಸ್ಪೂನ್ ಬ್ಯಾಡಗಿ ಪುಡಿ, ಇದನ್ನ ಹುರೀಬೇಡಿ. ಗುಂಟೂರು ಹಾಕಿದ್ರೆ ಬಣ್ಣ ಬರೋಷ್ಟರಲ್ಲಿ ಕಣ್ಣಲ್ಲೂ ಮೂಗಲ್ಲೂ ನೀರು. ಬೆಣ್ಣೇಲಿ ಕಲಸಿ ಹಚ್ಚಿ, ಬ್ಯಾಡಗಿ ಜಿಡ್ಡಲ್ಲೇ ಬಣ್ಣ ಬಿಡೋದು. ಹಿತ್ತಲಲ್ಲಿ ದೊಡ್ಡಪತ್ರೆ ಇದ್ರೆ ನಾಲ್ಕೆಲೆ ಸಣ್ಣಗೆ ಹೆಚ್ಚಿ ಚರ್ಮದ ಒಳಗಡೆ ಬೆಣ್ಣೆಗೆ ಸೇರಿಸಿ, ಹೊರಗೆ ಬೇಡ, ಸೀಯುತ್ತೆ. ಹಸಿ ಮಾಂಸ ಮುಟ್ಟಿದ ಕೈನ ಪುಡಿ ಡಬ್ಬಿಗೆ ಮಾತ್ರ ಹಾಕ್ಬೇಡಿ, ಮೊದ್ಲೇ ಒಂದು ಬಟ್ಲಿಗೆ ಸುರ್ಕೊಳ್ಳಿ.

ಮುದ್ದೆ_ಮುಳಬಾಗಿಲು
ಇಷ್ಟೆಲ್ಲ ಪಾಡು ಯಾಕ್ ಗುರು, ಕತ್ತರಿಸಿ ಸಾರು ಮಾಡಿ ಮುದ್ದೆ ನುಂಗಿ ಮಲ್ಕೊಳೋದು ಬಿಟ್ಟು 😄

ಬಂಗಾರಪೇಟೆ_ಬಾಡೂಟ
ಗುರು, ಸಾರು ವರ್ಷವೆಲ್ಲ ಇದ್ದೇ ಐತೆ. ಅಕ್ಕ, ಪುಡಿಗೆ ಉಪ್ಪು ಹಾಕಿಲ್ವಲ್ಲ, ಮರ್ತ್ರಾ? ಇನ್ನೊಂದು, ನಮ್ದು 28 ಲೀಟರ್ ಓಟಿಜಿ ಓವನ್ನು, ಹಕ್ಕಿ ಹಿಡಿಯೋದು ಡೌಟು. ಬೇಕರೀಲಿ ಕೇಳೋಣ ಅಂದ್ರೆ ನಮ್ ಬೀದೀಲಿರೋದು ಅಯ್ಯಂಗಾರ್ ಬೇಕರಿ, ಟರ್ಕಿ ಕೋಳಿ ತಗೊಂಡೋದ್ರೆ ಬನ್ನಲ್ಲೇ ಹೊಡೀತಾರೆ.

ಚಿಂತಾಮಣಿ_ಅಡುಗೆ
ಮರ್ತಿಲ್ಲ, ಉಪ್ಪು ಹಿಂದಿನ್ ದಿನಾನೇ ಆಯ್ತಲ್ಲ! ಬೆಣ್ಣೇನೂ ಉಪ್ಪಿಲ್ದೇ ಇರೋದೇ ತಗೊಳ್ಳಿ.

ರಾಬರ್ಟ್‌ಸನ್‌ಪೇಟೆ_ಹಳಬ
ಇಡೀದು ಹಿಡಿಯಲ್ಲ. ಕಾಲು ಬೇರೆ ಎದೆ ಬೇರೆ ಮಾಡಿ ಎರಡು ಸಲ ಇಡು. ಇಡೀದಾದ್ರೆ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತತ್ರ ಮೂರು ಗಂಟೆ ಹಿಡಿಯೋದು, ಪೀಸ್ ಮಾಡಿದ್ರೆ ಬೇಗ ಆಗುತ್ತೆ. ಗಡಿಯಾರ ನಂಬ್ಬೇಡ, ಚುಚ್ಚೋ ಥರ್ಮಾಮೀಟರ್ ತಗೋ, ದಪ್ಪ ಜಾಗದಲ್ಲಿ ಮೂಳೆಗೆ ತಾಗದಂಗೆ ಚುಚ್ಚಿ 74 ಡಿಗ್ರಿ ತೋರಿಸ್ಬೇಕು. ಮೇಲೆ ಬೇಗ ಕೆಂಪಾದ್ರೆ ಫಾಯಿಲ್ ಮುಚ್ಚು. ತಟ್ಟೇಲಿ ಇಳಿದಿರೋ ರಸ ಚೆಲ್ಬೇಡ, ಈರುಳ್ಳಿ ಹುರಿದು ಅದನ್ನ ಹಾಕಿ ಒಂದು ಕುದಿ ಬರ್ಸಿದ್ರೆ ಮುಳಬಾಗಿಲಿನವ್ರ ಮುದ್ದೆಗೂ ದಾರಿ ಆಯ್ತು.

ಮುದ್ದೆ_ಮುಳಬಾಗಿಲು
ಹಂಗಾದ್ರೆ ಯಾವತ್ತು ಬರ್ಲಿ ಹೇಳು ಗುರು.