ಆಸ್ಪತ್ರೆಯಿಂದ ಮನೆಗೆ ಬಂದ ಅತ್ತೆಯವರು ಬೀಳದಂತೆ ಮೊದಲು ಏನು ಮಾಡಬೇಕು?

ಪ್ರಶ್ನೆ (ಶಾಂತಳ್ಳಿ ಸಮೀಪ, ಸೋಮವಾರಪೇಟೆ ತಾಲ್ಲೂಕು)

ನಮ್ಮ ಅತ್ತೆಯವರಿಗೆ 76 ವರ್ಷ. ನ್ಯುಮೋನಿಯಾದಿಂದ 11 ದಿನ ಆಸ್ಪತ್ರೆಯಲ್ಲಿದ್ದು ಕಳೆದ ವಾರ ಮನೆಗೆ ಮರಳಿದ್ದಾರೆ. ನಮ್ಮದು ಹಳೆಯ ಮನೆಯಾದ್ದರಿಂದ ಬಚ್ಚಲು, ಶೌಚಾಲಯ ಎರಡೂ ಹಿಂದಿನ ಅಂಗಳದ ಆಚೆಗಿವೆ. ಅಡುಗೆಮನೆಯ ಎತ್ತರದ ಹೊಸ್ತಿಲು ದಾಟಿ ಎರಡು ಮೆಟ್ಟಿಲು ಇಳಿಯಬೇಕು. ಈ ಮಳೆಗೆ ಅಂಗಳವೆಲ್ಲ ಪಾಚಿ ಕಟ್ಟಿದೆ, ಗಾಳಿ ಬೀಸಿದರೆ ಕರೆಂಟ್ ಇರುವುದಿಲ್ಲ. ಮೊನ್ನೆ ಬೆಳಗಿನ ಜಾವ ಒಬ್ಬರೇ ಎದ್ದು ಹೋದವರು ಕಣ್ಣು ಕತ್ತಲಿಟ್ಟು ಬಾಗಿಲು ಹಿಡಿದು ನಿಂತಿದ್ದರು. ಕರೆಯಬಾರದಿತ್ತೇ ಎಂದರೆ, ‘ನಿನಗೆ ಬೆಳಗಾದರೆ ತೋಟದ ಕೆಲಸ, ನಿದ್ದೆ ಯಾಕೆ ಕೆಡಿಸಲಿ’ ಎನ್ನುತ್ತಾರೆ.

ಉತ್ತರ 1 (ನಿವೃತ್ತ ಶುಶ್ರೂಷಕಿ, ವಿರಾಜಪೇಟೆ)

ಅಂಗಳಕ್ಕಿಂತ ಮೊದಲು ಆ ಕಣ್ಣು ಕತ್ತಲಿಟ್ಟ ವಿಷಯವನ್ನು ನೋಡಿ. ಐದು ನಿಮಿಷ ಮಲಗಿಸಿ ರಕ್ತದೊತ್ತಡ ಅಳೆಯಿರಿ; ಅವರನ್ನು ಹಿಡಿದುಕೊಂಡೇ ನಿಲ್ಲಿಸಿ, ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು. ಹಳೆಯ ಮಾತ್ರೆ, ಆಸ್ಪತ್ರೆಯಲ್ಲಿ ಹೊಸದಾಗಿ ಬರೆದುಕೊಟ್ಟ ಮಾತ್ರೆ ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡು ಹೋಗಿ ತೋರಿಸಿ, ಏಕೆಂದರೆ ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಇವುಗಳಲ್ಲಿ ಯಾವುದಾದರೂ ಈಗ ಹೆಚ್ಚಾಗಿರಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಅವರು ಹಠ ಮಾಡುತ್ತಿದ್ದಾರೆಂದು ತಿಳಿಯಬೇಡಿ. ಆಸ್ಪತ್ರೆಗೆ ಹೋಗುವ ಮುಂಚೆ ನಡೆದಾಡುತ್ತಿದ್ದ ಕಾಲುಗಳೇ ಇವು ಎಂದು ಅವರು ನಂಬಿದ್ದಾರೆ, ಆದರೆ ಕಾಲು ಬದಲಾಗಿದೆ: ಆರೋಗ್ಯವಂತ ಹಿರಿಯರೇ 10 ದಿನ ಹಾಸಿಗೆ ಹಿಡಿದಾಗ ಕಾಲಿನ ಮಾಂಸಖಂಡ ಸುಮಾರು 1 ಕಿಲೋದಷ್ಟು ಕರಗಿದ್ದನ್ನು ಅಳೆದಿದ್ದಾರೆ. ಬುದ್ಧಿ ಹೇಳುವುದಕ್ಕಿಂತ ರಾತ್ರಿಯ ಆ ದಾರಿಯನ್ನೇ ಇಲ್ಲವಾಗಿಸಿ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿ, ದಿಂಬಿನ ಬಳಿ ಟಾರ್ಚ್ ಮತ್ತು ನಿಮ್ಮನ್ನು ಕರೆಯಲು ಬಾರಿಸುವ ಗಂಟೆ ಇರಲಿ. ಏಳುವ ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಪಾದಗಳನ್ನು ಆಡಿಸಲಿ.

ಉತ್ತರ 2 (ಕುಶಾಲನಗರ)

ನಮ್ಮ ತಂದೆಯವರು ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದು ಬಚ್ಚಲಿನಲ್ಲಲ್ಲ, ಒಲೆಯ ಮುಂದೆ ಕಾಲು ಒರೆಸಲು ಹಾಸಿದ್ದ ಗೋಣಿಚೀಲದ ಮೇಲೆ. ಅಂತಹವನ್ನೆಲ್ಲ ಇಂದೇ ತೆಗೆಯಿರಿ. ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರೂ ಈ ಮಳೆಯಲ್ಲಿ ಮತ್ತೆ ಬರುತ್ತದೆ. ಆದ್ದರಿಂದ ಹಗಲಿನಲ್ಲೂ ಅವರನ್ನು ಅಂಗಳಕ್ಕೆ ಒಬ್ಬರನ್ನೇ ಬಿಡಬೇಡಿ. ಮೆಟ್ಟಿಲ ಬದಿಯ ಗೋಡೆಗೆ ಕಬ್ಬಿಣದ ಹಿಡಿಕೆಯನ್ನು ಗಟ್ಟಿಯಾಗಿ ಕೂರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಾಕರ್ ತಂದಿದ್ದೇವೆ, ಆದರೆ ಹೊಸ್ತಿಲ ಬಳಿ ಅದನ್ನು ಎತ್ತಿ ಇಡಲು ಹೋಗಿ ವಾಲುತ್ತಾರೆ. ಅದರ ಬದಲು ಊರುಗೋಲು ಸಾಕೇ?

ಉತ್ತರ 3 (ಫಿಸಿಯೋಥೆರಪಿಸ್ಟ್, ಮಡಿಕೇರಿ)

ಈಗಲೇ ಬದಲಿಸಬೇಡಿ. ಮನೆಯೊಳಗೆ ವಾಕರ್ ಇರಲಿ. ಹೊಸ್ತಿಲನ್ನು ಮಾತ್ರ ನೀವು ಜೊತೆಗಿದ್ದಾಗ ದಾಟಿಸಿ. ಮುಂದೆ ಊರುಗೋಲು ಕೊಡುವಾಗ, ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಅದರ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಒಂದು ಕಾಲು ಸೋತಿದ್ದರೆ ಅದರ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ತುದಿಯ ರಬ್ಬರ್ ಸವೆದಿರಬಾರದು.

ವೈದ್ಯರು ಒಪ್ಪಿದ ಮೇಲೆ, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಮೂರು ಹೊತ್ತು, ಐದೈದು ಸಲ ಮಾಡಿಸಿ. ಸುಸ್ತಾದರೆ ನಿಲ್ಲಿಸಿ. ಬೀಳುತ್ತಾರೆಂಬ ಭಯದಿಂದ ದಿನವಿಡೀ ಕೂರಿಸಿಟ್ಟರೆ ಕಾಲು ಇನ್ನಷ್ಟು ಸೋಲುತ್ತದೆ. ನನ್ನಲ್ಲಿಗೆ ಬರುವ ಕುಟುಂಬಗಳು ಪ್ರೀತಿಯಿಂದಲೇ ಮಾಡುವ ತಪ್ಪು ಇದು.

ಒಂದು ವೇಳೆ ಬಿದ್ದರೆ ತಕ್ಷಣ ತೋಳು ಹಿಡಿದು ಎಳೆದು ಎಬ್ಬಿಸಬೇಡಿ. ಸೊಂಟ, ತೊಡೆ, ಕುತ್ತಿಗೆಯಲ್ಲಿ ನೋವಿದ್ದರೆ ಹಾಗೆಯೇ ಮಲಗಿಸಿ ಕಂಬಳಿ ಹೊದಿಸಿ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟಾದರೆ, ಅವರು ಚೆನ್ನಾಗಿ ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.