ಕೊರೊನಾ ಕಾಲ ಕಳೆದರೂ ನಮ್ಮವರಿಗೆ ನಿದ್ದೆ ಇಲ್ಲ. ಡಾಕ್ಟರಿಗೆ ತೋರಿಸಬೇಕಾ?

ಪ್ರಶ್ನೆ: ಸುರತ್ಕಲ್ ಕಡೆಯವಳು

ನಮ್ಮವರು ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ಓಡಿದರೆ ಮಾತ್ರ ಸಂಬಳ. 2020ರ ಮಾರ್ಚ್‌ನಲ್ಲಿ ಎರಡೂ ಒಟ್ಟಿಗೇ ನಿಂತವು. ನಾನು ಬೀಡಿ ಕಟ್ಟುತ್ತೇನೆ. ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ಕೊಡುವುದೂ ಆಗಲೇ ಬಂದ್ ಆಯಿತು. ರೇಷನ್ ಅಕ್ಕಿ ಸಿಕ್ಕಿತು, ಹಸಿವೆಯಲ್ಲಿ ಮಲಗಲಿಲ್ಲ. ಆದ್ರೆ ಬಾಡಿಗೆ, ಮಗಳ ಫೀಸು, ಸಂಘದ ಕಂತು? ಕರಿಮಣಿ ಒಂದು ಬಿಟ್ಟು ಉಳಿದ ಚಿನ್ನವೆಲ್ಲ ಅಡವಿಗೆ ಹೋಯಿತು. ಆಟೋ, ಟ್ಯಾಕ್ಸಿಯವರಿಗೆ ಸರ್ಕಾರ 5000 ರೂಪಾಯಿ ಅಂತ ಹೇಳಿದಾಗ ಇವರು ಟಿವಿ ಆಫ್ ಮಾಡಿ ಎದ್ದು ಹೋದರು. ಮತ್ತೆ ಬಸ್ಸು ಹೊರಟಾಗ ಜನ ಇಲ್ಲ, ಡ್ಯೂಟಿಯೂ ಕಡಿಮೆ. 2021ರಲ್ಲಿ ಪುನಃ ಬಂದ್.

ಈಗ ಕೆಲಸ ಉಂಟು. ಸಾಲವೂ ಸುಮಾರು ತೀರಿದೆ. ಇವರು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ನಸುಕಿನ ಮೂರಕ್ಕೇ ಎಚ್ಚರ. ಯಕ್ಷಗಾನ ಆಟ ನೋಡಲು ಹೋಗುವುದು ಬಿಟ್ಟಿದ್ದಾರೆ. ಊರಿನ ಭೂತಕೋಲಕ್ಕೂ ಬರುವುದಿಲ್ಲ, ಯಾರಾದರೂ ದುಡ್ಡಿನ ಸುದ್ದಿ ಎತ್ತಿದರೆ ಅಂತ. ಮೊನ್ನೆ ‘ನಾನಿಲ್ಲದಿದ್ರೆ ನಿಮಗೆ ಹಗುರ’ ಅಂದರು. ಅತ್ತೆ ಇದನ್ನು ಸುಮ್ನೆ ಟೆನ್ಷನ್, ಹರಕೆ ಹೇಳು ಅನ್ನುತ್ತಾರೆ. ನನಗೆ ಹೆದರಿಕೆ ಆಗ್ತದೆ.

ಉತ್ತರ: ಉಡುಪಿಯ ನರ್ಸ್

ಅಕ್ಕ, ಆ ಕೊನೆಯ ಮಾತನ್ನು ಹಾಗೇ ಬಿಡಬೇಡಿ. ‘ಸಾಯಬೇಕು ಅನಿಸ್ತದಾ?’ ಅಂತ ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಗೆ ಬರಲು ದಾರಿ ಆಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ನಸುಕಿಗೇ ಎಚ್ಚರ, ಇಷ್ಟವಿದ್ದದ್ದೂ ಬೇಡ, ತಾನೊಂದು ಭಾರ ಅನ್ನುವ ಯೋಚನೆ. ಇವು ಎರಡು ವಾರ ದಾಟಿದರೇ ಖಿನ್ನತೆ ಇರಬಹುದು ಅಂತ ತೋರಿಸಬೇಕು. ನಿಮ್ಮಲ್ಲಿ ವರ್ಷಗಳೇ ಆಗಿವೆ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋಗಿ. ರಾತ್ರಿ ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಕೊಟ್ಟರೆ ಗುಣ ಕಾಣಲು 2ರಿಂದ 4 ವಾರ ಬೇಕು, ನಡುವೆ ಬಿಡಿಸಬೇಡಿ. ಹರಕೆಯೂ ಇರಲಿ, ಅತ್ತೆಯ ಹತ್ತಿರ ಜಗಳ ಬೇಡ.

ಉತ್ತರ: ಮಲ್ಪೆಯ ಬೋಟಿನವನು

ನಮಗೆ ಜೂನ್, ಜುಲೈ ಕಡಲಿಗೆ ಇಳಿಯುವ ಹಾಗಿಲ್ಲ. ಪ್ರತಿ ವರ್ಷ ಕೈ ಖಾಲಿ. ಆದ್ರೆ ಆಗಸ್ಟಿಗೆ ಬೋಟು ಹೊರಡ್ತದೆ ಅಂತ ಗೊತ್ತಿರುತ್ತದೆ, ನಿದ್ದೆ ಬರ್ತದೆ. 2020ರಲ್ಲಿ ಯಾವಾಗ ಮುಗಿಯುತ್ತದೆ ಅಂತಲೇ ಗೊತ್ತಿರಲಿಲ್ಲ. ಅದೇ ನನ್ನನ್ನು ತಿಂದದ್ದು. ಬ್ಯಾಂಕಿನ ಕಂತು ಆಗಸ್ಟ್‌ವರೆಗೆ ಮುಂದೆ ಹಾಕಿದರು, ಬಡ್ಡಿ ನಿಲ್ಲಲಿಲ್ಲ. ಕುಡಿತ ಹತ್ತಿತು. ಭಾವ ಬಂದು ಡಾಕ್ಟರ ಹತ್ತಿರ ಕರ್ಕೊಂಡು ಹೋದರು, ಮದ್ದಿನಿಂದ ಸುಧಾರಿಸಿದೆ. ಆಮೇಲೆ ಎಲ್ಲ ಸಾಲವನ್ನೂ ಹೆಂಡತಿಯ ಎದುರೇ ಒಂದು ಕಾಗದದಲ್ಲಿ ಬರೆದೆವು. ಅಕ್ಕ, ನಿಮ್ಮವರಿಗೂ ನಿಮಗೆ ಹೇಳದ ಕೈಸಾಲ ಇರಬಹುದು. ಬೈಯದೆ ಕೇಳಿ ನೋಡಿ.

ಸುರತ್ಕಲ್ ಕಡೆಯವಳು

ಇಬ್ಬರಿಗೂ ಉಪಕಾರ. ಕೇಳಿದೆ. ಸಾಯುವ ಯೋಚನೆ ಈಗ ಇಲ್ಲ, ಮೊದಲು ಬಂದಿತ್ತು ಅಂದರು. ಕೈಸಾಲವೂ ಇದೆ, ಜೊತೆಯ ಡ್ರೈವರಿಂದ ತಗೊಂಡದ್ದು. ಆ ಅಣ್ಣ ಒಮ್ಮೆಯೂ ಕೇಳಿಲ್ಲವಂತೆ, ಆದರೂ ಇವರು ಅವರ ಮುಖ ತಪ್ಪಿಸಿ ಓಡಾಡುತ್ತಿದ್ದರು. ಸೋಮವಾರ ಬದಲಿ ಕಂಡಕ್ಟರ್ ಸಿಗುತ್ತಾರೆ, ವೆನ್ಲಾಕ್‌ಗೆ ಹೋಗುತ್ತೇವೆ. ಏನೆಲ್ಲ ತಗೊಂಡು ಹೋಗಬೇಕು?

ಉಡುಪಿಯ ನರ್ಸ್

ಆಧಾರ್, ರೇಷನ್ ಕಾರ್ಡ್, ಈಗ ತಗೊಳ್ಳುವ ಮಾತ್ರೆ ಇದ್ದರೆ ಅದರ ಚೀಟಿ. ಬೆಳಗ್ಗೆ ಬೇಗ ಹೋಗಿ. ನೀವೂ ಒಳಗೆ ಹೋಗಿ ಕೂತುಕೊಳ್ಳಿ, ಮೂರಕ್ಕೆ ಎಚ್ಚರ ಆಗುವ ವಿಷಯ ಅವರು ಹೇಳದಿದ್ದರೆ ನೀವೇ ಹೇಳಿ.